ಹೋದುವ ಮಕ್ಕಳು

ಬ್ಯಾನರಿಗೆ ಕೊಟ್ಟ ದುಡ್ಡಿನಲ್ಲಿ ಎರಡು ವರ್ಷಕ್ಕಾಗುವಷ್ಟು ಸೀಮೆಸುಣ್ಣ ಬರುತ್ತಿತ್ತು. ಚಿನ್ನದ ಬಣ್ಣದ ಅಂಚಿನ ಹನ್ನೆರಡು ಸರ್ಟಿಫಿಕೇಟುಗಳಿಗೆ, ಗಾಜು ಚೌಕಟ್ಟು ಸೇರಿ, ಅತ್ತಿಗೆಯ ಒಂದು ತಿಂಗಳ ಸಂಬಳದಷ್ಟಾಯಿತು. ಅದರ ಮೇಲೆ ಬಾಡಿಗೆ ಮೈಕು, ಬಾಡಿಗೆ ಕುರ್ಚಿ, ವಿಡಿಯೋ ತೆಗೆಯುವವನ ಅರ್ಧ ದಿನದ ಕೂಲಿ, ಗುಲಾಬಿ ವಾಸನೆಯ ಸ್ಪ್ರೇ ನಾಲ್ಕು ಡಬ್ಬಿ. ಇನ್ನು ಮಕ್ಕಳಿಗೆ ಅಕ್ಷರ ಕಲಿಸಲು ಆ ಮೂರು ತಿಂಗಳಲ್ಲಿ ಖರ್ಚಾದದ್ದು ಎರಡು ಪೆಟ್ಟಿಗೆ ಸೀಮೆಸುಣ್ಣ, ಒಂದು ಒರೆಸುವ ಬಟ್ಟೆ. ಅಂಗೈ ಅಗಲದ ಒಂದು ಕನ್ನಡಿಯೂ ಇತ್ತು. ಅದು ಅತ್ತಿಗೆಯ ಸ್ವಂತದ್ದು, ಲೆಕ್ಕಕ್ಕೆ ಬರುವುದಿಲ್ಲ.

ಸ್ಪ್ರೇ ಯಾಕೆಂದರೆ ಕೆಳಗೆ ಕೋಳಿ ಅಂಗಡಿ. ಓದು ಕಲಿಸುವ ಕೇಂದ್ರ ಇದ್ದದ್ದು ಅದರ ಮೇಲಿನ ಮಹಡಿಯ ಎರಡು ಕೋಣೆಗಳಲ್ಲಿ. ಮೆಟ್ಟಿಲು ಹತ್ತುವಾಗಲೇ ಬಿಸಿನೀರಿನಲ್ಲಿ ಅದ್ದಿ ತೆಗೆದ ಪುಕ್ಕದ ವಾಸನೆ ಮೂಗಿಗೆ ಅಡರುತ್ತಿತ್ತು. ಕಿಟಕಿ ತೆರೆದರೆ ಬಿಳಿ ತುಪ್ಪುಳ ಹಾರಿ ಬಂದು ಕಪ್ಪುಹಲಗೆಯ ಮೇಲೆ, ಮಕ್ಕಳ ತಲೆಯ ಮೇಲೆ ಕೂರುತ್ತಿತ್ತು, ಮುಚ್ಚಿದರೆ ಸೆಖೆ. ಮೊದಲ ವಾರ ಅತ್ತಿಗೆ ಗಂಟಲಿಗೆ ಬಂದದ್ದನ್ನು ನುಂಗಿಕೊಂಡೇ ಪಾಠ ಮಾಡಿದಳು. ಆಮೇಲೆ ಆ ವಾಸನೆ ಒಗ್ಗಿತು. ಒಗ್ಗದ ಸಂಗತಿಗಳು ಮಹಡಿಯ ಮೇಲೇ ಇದ್ದವು.

ಅವಳನ್ನು ಅತ್ತಿಗೆ ಎಂದು ಕರೆಯಬೇಕಾದವನು ಒಬ್ಬನೇ, ತೀರಿಹೋದ ಗಂಡನ ತಮ್ಮ. ಕೇಂದ್ರ ಅವನದು. ಅವನು ಬಾಯಿ ತೆರೆದರೆ ಅತ್ತಿಗೆ, ಅತ್ತಿಗೆ ಎನ್ನುತ್ತಿದ್ದುದರಿಂದ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರಿಗೂ, ಕೆಳಗಿನ ಕೋಳಿ ಅಂಗಡಿಯವನಿಗೂ ಅವಳು ಅತ್ತಿಗೆಯೇ ಆಗಿಬಿಟ್ಟಳು. ಮಕ್ಕಳು ಮಾತ್ರ ಮಿಸ್ ಎನ್ನುತ್ತಿದ್ದವು. ಬೇರೆಲ್ಲೋ ಒಂದು ಶಾಲೆಯಲ್ಲಿ ಬದುಕೆಲ್ಲ ಒಂದನೇ ತರಗತಿಯನ್ನೇ ಕಲಿಸಿ ಮಂಡಿ ಸವೆಸಿಕೊಂಡವಳು. ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ, ಬಾಡಿಗೆಗೂ ಆಯಿತು ಎಂದು ಒಪ್ಪಿಕೊಂಡಿದ್ದಳು.

ಮೈದುನ ಹಿಂದೆ ನೀರು ಸೋಸುವ ಯಂತ್ರ ಮಾರುತ್ತಿದ್ದ. ಅದಕ್ಕೂ ಹಿಂದೆ ಕೂದಲು ಬೆಳೆಸುವ ಎಣ್ಣೆ. ಮಕ್ಕಳು ಅವನಿಗೆ ಇಟ್ಟ ಹೆಸರು ಶಹಬ್ಬಾಸ್ ಸರ್. ಮಗು ಸರಿ ಹೇಳಿದರೂ ಶಹಬ್ಬಾಸ್, ತಪ್ಪು ಹೇಳಿದರೂ ಶಹಬ್ಬಾಸ್, ಸೀನಿದರೂ ಶಹಬ್ಬಾಸ್. ಮನೆಯಲ್ಲಿ ನೆಟ್ಟಗೆ ಮಾತಾಡುವವನೇ. ಮೈಕು ಕೈಗೆ ಬಂದರೆ ಮಾತ್ರ ಬೇಡದ ಕಡೆಯೆಲ್ಲ ಒಂದು ಹಕಾರ ಸೇರಿಕೊಳ್ಳುತ್ತಿತ್ತು. ಚಿಕ್ಕವನಿದ್ದಾಗ ಹಾಲಿಗೆ ಆಲು ಅಂದು ಮೇಷ್ಟ್ರ ಕೈಯಲ್ಲಿ ಬಾಸುಂಡೆ ಬರುವ ಹಾಗೆ ಹೊಡೆಸಿಕೊಂಡಿದ್ದನಂತೆ. ಆ ಹೆದರಿಕೆ ಇನ್ನೂ ನಾಲಿಗೆಯ ತುದಿಯಲ್ಲಿ ಕೂತಿತ್ತು. 'ಹೆಲ್ಲರಿಗೂ ನಮಸ್ಕಾರ. ಇವರು ನಮ್ಮ ಹತ್ತಿಗೆಯವರು' ಎಂದು ಅವನು ಉದ್ಘಾಟನೆಯ ದಿನ ಕೈ ತೋರಿಸಿದಾಗ, ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗಿನ್ನೂ ಅವನ ವಿಷಯಕ್ಕೆ ನಗು ಬರುತ್ತಿತ್ತು.

ಮೊದಲ ದಿನ ಹನ್ನೆರಡು ಮಕ್ಕಳನ್ನೂ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಳು. ಎಲ್ಲ ಶಾಲೆಗೆ ಹೋಗುವವರೇ. ನೋಟ್‌ಬುಕ್ಕಿನ ತುಂಬ ದುಂಡು ಅಕ್ಷರ. ಹಲಗೆ ನೋಡಿಕೊಂಡು ಹೂವೋ ಬಳ್ಳಿಯೋ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ಇಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರೆ ಕಣ್ಣು ಪಿಳಿಪಿಳಿ.

ಗುಂಡು ಎಂದು ಎಲ್ಲರೂ ಕರೆಯುವ ಹುಡುಗನ ಮುಂದೆ 'ಅಮ್ಮ' ಎಂದು ಬರೆದಳು.

"ಅರಸ... ಮ..." ಎಂದು ನಿಲ್ಲಿಸಿದ.

"ಅರಸ ಎಲ್ಲಿಂದ ಬಂದ್ನೋ?"

"ಇಲ್ಲೇ ಇದಾನಲ್ಲ ಮಿಸ್," ಎಂದು ಅಕಾರದ ಮೇಲೆ ಬೆರಳಿಟ್ಟ.

ಗೋಡೆಯ ಚಾರ್ಟಿನಲ್ಲಿ ಅ ಪಕ್ಕದಲ್ಲಿ ಕಿರೀಟ ಇಟ್ಟುಕೊಂಡ ಅರಸ ಕೂತಿದ್ದ. ಪಾಪ, ಅ ಎಂದರೆ ಬಾಯಿಂದ ಬರುವ ಒಂದು ದನಿ ಎಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಪಾಲಿಗೆ ಅದು ಮೀಸೆ ಇರುವ ಒಬ್ಬ ಮನುಷ್ಯ. ಅವನು ಇಲ್ಲಿಯವರೆಗೆ ಓದಿದ ಸಾಲುಗಳಲ್ಲೆಲ್ಲ ಅರಸ, ಆನೆ, ಇಲಿಗಳೇ ಗಿಜಿಗುಡುತ್ತಿದ್ದವು. ಅರ್ಥಕ್ಕೆ ಕಾಲಿಡಲು ಜಾಗವಿರಲಿಲ್ಲ.

ಹನ್ನೆರಡನೆಯವಳು ಹನ್ನೊಂದು ವರ್ಷದ ಒಂದು ಹುಡುಗಿ. ಮನೆಯವರು ಕರೆಯುತ್ತಿದ್ದದ್ದು ರೇಡಿಯೋ ಎಂದು. ಒಂದು ಸಲ ಕೇಳಿದ್ದನ್ನು ಹಾಗೆ ಹಾಗೇ ಹೇಳುತ್ತಿದ್ದಳು, ಕೆಮ್ಮು ಸಮೇತ. ಅತ್ತಿಗೆ ಶಾಲೆಯ ಪುಸ್ತಕ ಕೊಟ್ಟಳು. ಹುಡುಗಿ ಎಲ್ಲೂ ತಡವರಿಸದೆ ಗಡಗಡ ಓದಿದಳು. ಅತ್ತಿಗೆ ಮೆಲ್ಲಗೆ ಪುಟ ತಿರುವಿದಳು. ರೇಡಿಯೋ ಹಳೇ ಪುಟವನ್ನೇ ಮುಂದುವರಿಸಿದಳು.

ಅವಳಪ್ಪ ಹಾಲಿನ ವ್ಯಾನಿನ ಡ್ರೈವರು. ಗುಟ್ಟು ಗೊತ್ತಾದ ಬಗೆಯನ್ನು ಅವನೇ ಹೇಳಿದ. ರಜೆಯ ದಿನ ಮಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಯಾವ ಅಂಗಡಿಗೆ ಎಷ್ಟು ಎಂದು ಚೀಟಿ ಓದು ಅಂದಿದ್ದ. ಅವಳು ಪಟಪಟ ಓದಿದಳು. ಹಿಂದಿನ ದಿನ ಅವನು ಫೋನಿನಲ್ಲಿ ಹೇಳುತ್ತಿದ್ದ ಪಟ್ಟಿ ಅದು. ಬೇಕರಿಯ ಹಾಲು ಆಸ್ಪತ್ರೆಗೆ ಹೋಯಿತು, ಆಸ್ಪತ್ರೆಯದು ಎಲ್ಲಿಗೂ ಹೋಗಲಿಲ್ಲ.

"ಐದು ವರ್ಷ ಕಿವಿಗೆ ಊವಿಟ್ಟಿದಾಳೆ ಅತ್ತಿಗೆಯವ್ರೇ ನಮಗೆ," ಎಂದ.

"ಅವಳು ಮೋಸ ಮಾಡಿಲ್ಲ ಕಣಪ್ಪ. ಓದೋದು ಅಂದ್ರೆ ಇದೇ ಅಂತ ಅನ್ಕೊಂಡಿದಾಳೆ."

"ಏನೋ ಒಂದು. ಮೂರು ತಿಂಗಳು ನೋಡ್ತೀನಿ. ಕೊನೇ ದಿನ ನಿಮ್ಮ ಪುಸ್ತಕ ಗಿಸ್ತಕ ಬೇಡ, ನನ್ನ ಜೇಬಿಂದ ಚೀಟಿ ತೆಗೀತೀನಿ. ಓದಿದ್ರೆ ಸ್ಕೂಲು. ಇಲ್ಲಾಂದ್ರೆ ನಮ್ಮಕ್ಕನ ಪಾರ್ಲರು. ಕೂದಲು ಗುಡಿಸೋಕೆ ಕಾಗುಣಿತ ಬೇಕಾಗಿಲ್ಲ."

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಜಡೆಯ ಮೇಲೊಂದು ಕೋಳಿ ಪುಕ್ಕ. ಅಪ್ಪ ಹೋದ ಮೇಲೆ, "ಕೂದಲು ಗುಡಿಸೋಕೆ ಕಾಗುಣಿತ ಬೇಕಾಗಿಲ್ಲ," ಎಂದು ಅವನದೇ ದನಿಯಲ್ಲಿ ಹೇಳಿದಳು. ಆಮೇಲೆ ತನ್ನ ದನಿಯಲ್ಲಿ, "ಅತ್ತೆ ಪಾರ್ಲರಲ್ಲಿ ಎಲ್ಲಾರ ಕೂದಲೂ ನೀರಿನ ತೂತಲ್ಲಿ ಸಿಕ್ಕಾಕ್ಕೊಂಡಿರುತ್ತೆ ಮಿಸ್. ಕೈ ಆಕಿ ತೆಗೀಬೇಕು," ಎಂದಳು.

ಅತ್ತಿಗೆ ಚಾರ್ಟನ್ನು ಗೋಡೆಯ ಕಡೆ ಮುಖ ಮಾಡಿ ತೂಗುಹಾಕಿದಳು. ಅ ಆ ಇ ಈ ಎಂದು ಶುರುಮಾಡಲಿಲ್ಲ. ಅದು ಮಕ್ಕಳಿಗೆ ಹಾಡಾಗಿತ್ತು. ದ ಯಾವುದು ಎಂದರೆ ರೇಡಿಯೋ ಕಕಾರದಲ್ಲಿ ಹತ್ತಿ, ಹಾಡುತ್ತ ಹಾಡುತ್ತ ಬಂದು, ದ ಹತ್ತಿರ ಬಸ್ಸಿಳಿದ ಹಾಗೆ ಇಳಿಯುತ್ತಿದ್ದಳು. ಅದಕ್ಕೇ ರ, ಗ, ಸ, ದ, ಅ. ಐದೇ ಅಕ್ಷರ. ಚಿತ್ರವಿಲ್ಲ, ಹಾಡಿಲ್ಲ. ಅಕ್ಷರ ನೋಡು, ದನಿ ಹೇಳು; ದನಿ ಕೇಳು, ಅಕ್ಷರ ಬರಿ. ದನಿಗಳನ್ನು ಪಕ್ಕಪಕ್ಕ ಇಟ್ಟು ಜೋಡಿಸು. ಮಕ್ಕಳು ಆಕಳಿಸಿದವು, ಜಗಳವಾಡಿದವು, ನೀರು ಕುಡಿಯಲು ಹೋಗಿ ಕೋಳಿ ಅಂಗಡಿಯ ಮುಂದೆ ನಿಂತವು. ಅತ್ತಿಗೆ ಮೆಟ್ಟಿಲಿಳಿದು ಕಿವಿ ಹಿಡಿದು ಕರೆತಂದಳು.

ಒಂದು ಮಧ್ಯಾಹ್ನ ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆದು ರೇಡಿಯೋಳನ್ನು ಎಬ್ಬಿಸಿದಳು.

"ಗ... ರ... ಗ... ಸ," ಎಂದಳು ಹುಡುಗಿ.

"ಜೋಡಿಸು."

"ಗರ... ಗಸ. ಗರಗಸ." ಹಲಗೆಗೆ ಇನ್ನಷ್ಟು ಹತ್ತಿರ ಬಂದಳು. "ಮಿಸ್, ಗರಗಸ ಅಂದ್ರೆ ಮರ ಕೊಯ್ತಾರಲ್ಲ, ಅದಾ?"

"ಅದೇ."

"ನಂಗ್ಯಾರೂ ಏಳ್ಕೊಡ್ಲೇ ಇಲ್ವಲ್ಲ!" ಎಂದು ಹಿಂದೆ ತಿರುಗಿ ನೋಡಿದಳು, ಯಾರಾದರೂ ಪಿಸುಗುಟ್ಟಿದರೋ ಎಂಬಂತೆ. ಹಿಂದೆ ಗುಂಡು ಮೂಗಿನಲ್ಲಿ ಬೆರಳಿಟ್ಟುಕೊಂಡು ಕೂತಿದ್ದ.

ಆ ದಿನ ಅವಳು ಮನೆಗೆ ಹೋಗುವಾಗ ಮೆಟ್ಟಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ ಗರಗಸ, ಗರಗಸ ಎಂದು ಬರೆದಿದ್ದಳು. ಕೋಳಿ ಅಂಗಡಿಯವನು ಬೈದ. ಅತ್ತಿಗೆ ಒರೆಸಲಿಲ್ಲ.

ಅವಳಿಗೆ ಉಳಿದ ಒಂದೇ ದೊಡ್ಡ ತೊಡಕು ಹಕಾರ. ಅವರ ಮನೆಯಲ್ಲಿ ಆ ದನಿಗೆ ಜಾಗವೇ ಇರಲಿಲ್ಲ. ಅಪ್ಪ ಓಡಿಸುವುದು ಆಲಿನ ವ್ಯಾನು, ಅಮ್ಮ ಕಟ್ಟುವುದು ಊವು. ಹಕ್ಕಿ ಬರಿ ಎಂದರೆ ಅಕ್ಕಿ ಬರೆಯುತ್ತಿದ್ದಳು; ತಪ್ಪು ಎಂದು ತಿದ್ದಿದ ಮೇಲೆ ಹೆದರಿ, ಆಟಕ್ಕೂ ಹಾಟ ಎಂದು ಬರೆಯುತ್ತಿದ್ದಳು. ಅತ್ತಿಗೆ ತನ್ನ ಚೀಲದಿಂದ ಕನ್ನಡಿ ತೆಗೆದಳು.

"ತುಟಿ ಹತ್ರ ಹಿಡ್ಕೊ. ಅ ಅನ್ನು, ಚಿಕ್ಕದಾಗಿ. ಹ್ಞಾಂ. ಈಗ ಹ ಅನ್ನು."

ಕನ್ನಡಿಯ ಮೇಲೆ ಬೆಳ್ಳಗೆ ಮಂಜು ಕೂತಿತು.

"ಮಂಜು ಕೂತ್ರೆ ಹ. ಅಂಗೈ ಇಟ್ಕೊಂಡ್ರೂ ಗೊತ್ತಾಗುತ್ತೆ, ಬಿಸಿ ಗಾಳಿ ಬಡಿಯುತ್ತೆ."

ಹುಡುಗಿ ಹ ಹ ಹ ಎಂದು ಇಡೀ ಕನ್ನಡಿ ಮಸುಕು ಮಾಡಿದಳು. "ಮಿಸ್, ಹ ಅನ್ನೋಕೆ ಉಸಿರು ಜೋರಾಗಿ ಎಳ್ಕೊಬೇಕು. ಕೋಳಿ ವಾಸನೆ ಒಳಗೆ ಬರುತ್ತೆ."

"ಬರ್ಲಿ. ಅಪ್ಪನ ಚೀಟಿಯಲ್ಲಿ ಮೊದಲನೇ ಅಕ್ಷರಾನೇ ಅದು."

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಶಹಬ್ಬಾಸ್ ಸರ್ ಬಾಗಿಲಲ್ಲಿ ನಿಂತು ನೋಡತೊಡಗಿದ. ಒಳಗೆ ಗುಂಡು 'ಸರ' ಓದಲು ಬೆವರು ಸುರಿಸುತ್ತಿದ್ದ.

"ಅತ್ತಿಗೆ, ಇದೇನಿದು? ಇನ್ನೂ ಸರ, ಅಗಸ ಅಂತ ಕೂತಿದೀರಿ! ಕೊನೇ ದಿನ ಇವರೆಲ್ಲ ಕತೆ ಓದಬೇಕು. ಅಪ್ಪ ಅಮ್ಮಂದಿರಿಗೆ ಏನು ತೋರಿಸ್ಲಿ ನಾನು, ಅಗಸನ್ನ ತೋರಿಸ್ಲಾ?"

"ಇನ್ನು ನಾಲ್ಕು ತಿಂಗಳು ಕೊಡು. ಕತೆ ಅವರೇ ಓದ್ತಾರೆ. ನಿನ್ನೆ ಗುಂಡು ಮೊದಲನೇ ಸಲ ಅರಸನ್ನ ಕರೀದೆ ಅ ಅಂದ."

"ನಾಲ್ಕು ತಿಂಗಳು! ಮೂರೇ ತಿಂಗಳು ಅಂತ ಎಲ್ಲಾ ಕಡೆ ಹಾಕಿಸಿದೀನಲ್ಲ."

"ಹಾಕಿಸೋ ಮುಂಚೆ ನನ್ನ ಕೇಳಿದ್ಯಾ?"

"ನೀವು ಬೇಡ ಅಂತಿದ್ರಿ, ಅದಕ್ಕೇ ಕೇಳ್ಲಿಲ್ಲ," ಎಂದು ನಕ್ಕ. ಅವನು ಸುಳ್ಳು ಹೇಳುವುದಕ್ಕಿಂತ, ಹೀಗೆ ನಿಜ ಹೇಳಿ ನಗುವುದೇ ಅತ್ತಿಗೆಗೆ ಹೆಚ್ಚು ಹೇಸಿಗೆ ತರುತ್ತಿತ್ತು.

ಮರುದಿನದಿಂದ ಹನ್ನೊಂದು ಮಕ್ಕಳನ್ನು ಮುಂದಿನ ದೊಡ್ಡ ಕೋಣೆಗೆ ಸಾಗಿಸಿದ. ರೇಡಿಯೋ ಒಬ್ಬಳನ್ನು ಹಿಂದಿನ ಕೋಣೆಯಲ್ಲಿ ಬಿಟ್ಟ. "ಇವಳಪ್ಪ ಚೀಟಿ ಗಿರಾಕಿ. ಆ ಕೇಸು ನಿಮ್ಮದೇ ಇರ್ಲಿ," ಎಂದ.

ಗೋಡೆಯಾಚೆಯಿಂದ ದಿನವೂ ಅದೇ ಕತೆ. ಒಂದು ಕಾಡಿತ್ತು. ಕಾಡಿನಲ್ಲಿ ಒಂದು ಮೊಲವಿತ್ತು. ಮಗುವಿಗೊಂದು ಪುಟ, ಅವನು ಹೇಳುವುದು, ಅವರು ಬಾಯಿಪಾಠ ಮಾಡುವುದು. ನಡುನಡುವೆ, "ಬೆರಳು! ಬೆರಳು ಓಡಿಸ್ರೋ ಸಾಲಿನ ಮೇಲೆ! ಶಹಬ್ಬಾಸ್!" ಒಮ್ಮೆ ಅತ್ತಿಗೆ ನೀರಿಗೆಂದು ಎದ್ದು ಆ ಕೋಣೆ ದಾಟಿದಳು. ಗುಂಡುವಿನ ಬೆರಳು ಸಾಲಿನ ತುದಿ ಮುಟ್ಟಿ ಆಗಿತ್ತು, ಬಾಯಿ ಇನ್ನೂ ಅರ್ಧ ಸಾಲಿನಲ್ಲಿತ್ತು. ಬೆರಳು ಅಲ್ಲೇ ಕಾದು ನಿಂತಿತು. ಅಕ್ಷರದ ದಾರಿಯಲ್ಲಿ ಎರಡು ಹೆಜ್ಜೆ ಇಟ್ಟಿದ್ದ ಮಗುವನ್ನು ಹೆಗಲ ಮೇಲೆ ಹೊತ್ತು ವಾಪಸ್ಸು ಮನೆಗೆ ತಂದು ಬಿಟ್ಟಿದ್ದರು. ಅವಳು ನೀರು ಕುಡಿಯದೆಯೇ ಹಿಂದಿನ ಕೋಣೆಗೆ ಮರಳಿದಳು.

ಆದರೂ ಬಿಟ್ಟು ಹೋಗಲಿಲ್ಲ. ಹೋದರೆ ರೇಡಿಯೋ ಕತೆ ಮುಗಿಯುತ್ತಿತ್ತು. ಹಲ್ಲು ಕಚ್ಚಿಕೊಂಡು ಗೋಡೆಯ ಈಚೆ ಕಾಗುಣಿತದ ಇಳಿ, ಗುಡಿಸು, ಕೊಂಬು ಎಂದು ಒಂದೊಂದನ್ನೇ ದನಿಗೆ ಕೂರಿಸಿದಳು. ಹ ಮತ್ತು ಓ ಸೇರಿದರೆ ಹೋ, ಓ ಒಂದೇ ಇದ್ದರೆ ಓ, ಕಣ್ಣಿಗೂ ಬೇರೆ, ಅಂಗೈಗೂ ಬೇರೆ. ಕೊನೆಯ ವಾರ ಒತ್ತಕ್ಷರ.

ಕೊನೇ ದಿನದ ಪ್ರದರ್ಶನಕ್ಕೆ ಒಂದು ವಾರ ಮೊದಲೇ ದೊಡ್ಡ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬ್ಯಾನರು ಬಂತು. ಶಹಬ್ಬಾಸ್ ಸರ್ ಬ್ಯಾನರಿನ ಅಂಗಡಿಯವನಿಗೆ ಫೋನಿನಲ್ಲೇ, ಭಾಷಣದ ಗತ್ತಿನಲ್ಲಿ, ಒಂದೊಂದು ಮಾತೂ ಬಿಡಿಸಿ ಹೇಳಿ ಬರೆಸಿದ್ದ. ಅತ್ತಿಗೆ ದಿನಕ್ಕೆ ನಾಲ್ಕು ಸಲ ಅದರ ಕೆಳಗೇ ಓಡಾಡಿದಳು.

ಆ ದಿನ ಬಂತು. ನಾಲ್ಕು ಡಬ್ಬಿ ಸ್ಪ್ರೇಯೂ ಮುಗಿದವು. ಕೋಳಿ ವಾಸನೆ ಮಾತ್ರ ಕದಲಲಿಲ್ಲ; ಗುಲಾಬಿ ತೋಟದಲ್ಲಿ ಯಾರೋ ಕೋಳಿ ಕೊಯ್ದ ಹಾಗಾಯಿತು. ಅಪ್ಪ ಅಮ್ಮಂದಿರು, ಅಜ್ಜಿ ತಾತಂದಿರು ಬಾಡಿಗೆ ಕುರ್ಚಿಗಳಲ್ಲಿ ಒತ್ತಿಕೊಂಡು ಕೂತರು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಪುಸ್ತಕ ಹಿಡಿದು, ಬೆರಳು ಓಡಿಸಿ, ತಮ್ಮ ತಮ್ಮ ಪುಟ ಒಪ್ಪಿಸಿದರು. ಪ್ರತಿಯೊಬ್ಬರಿಗೂ ಚಪ್ಪಾಳೆ, ಶಹಬ್ಬಾಸ್, ಚೌಕಟ್ಟು ಹಾಕಿದ ಸರ್ಟಿಫಿಕೇಟು, ಫೋಟೋ. ಗುಂಡುವಿನ ಬೆರಳು ಎಂದಿನಂತೆ ಮೊದಲು ಹೋಗಿ ಕಾಯಿತು; ಅವನು ಅದನ್ನು ಹಿಂದಕ್ಕೆ ತಂದು ಅದೇ ಸಾಲಿನ ಮೇಲೆ ಇನ್ನೊಮ್ಮೆ ಓಡಿಸಿದ. ಯಾರೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅವನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಮುದುಕಿಯ ಸಂತೋಷ ನೋಡಲಾಗದೆ ಅತ್ತಿಗೆ ನೆಲ ನೋಡಿದಳು. ಕಾಲ ಬಳಿ ಒಂದು ಪುಕ್ಕ ಗಾಳಿಗೆ ಅತ್ತಿಂದಿತ್ತ ಉರುಳುತ್ತಿತ್ತು.

ಕೊನೆಗೆ ರೇಡಿಯೋ. ಡ್ರೈವರು ಎದ್ದು ನಿಂತು ಜೇಬಿಗೆ ಕೈ ಹಾಕಿದ. ಏನೋ ಯೋಚಿಸಿ, ಖಾಲಿ ಕೈ ತೆಗೆದ.

"ಚೀಟಿನೂ ಬೇಡ. ಅದ್ರಲ್ಲಿ ಏನಿರುತ್ತೆ ಅಂತ ಇವಳಿಗೆ ಗೊತ್ತೇ ಇರುತ್ತೆ. ಅಗೋ, ಅದನ್ನ ಓದು," ಎಂದು ಬ್ಯಾನರಿನ ಕಡೆ ಬೆರಳು ತೋರಿಸಿದ.

ಆ ಬ್ಯಾನರನ್ನು ರೇಡಿಯೋಗೆ ಯಾರೂ ಓದಿ ಹೇಳಿರಲಿಲ್ಲ. ಕುತ್ತಿಗೆ ಎತ್ತಿ ನೋಡಿದಳು. ತುಟಿ ಅಲ್ಲಾಡಿತು.

"ಮೂ... ರೇ. ಮೂರೇ. ತಿಂ... ಗ... ಳ... ಲ್ಲಿ. ತಿಂಗಳಲ್ಲಿ. ಮೂರೇ ತಿಂಗಳಲ್ಲಿ." ಡ್ರೈವರನ ಹುಬ್ಬು ಮೇಲೇರಿತು. ಹುಡುಗಿ ನಿಂತಳು. ಅಂಗೈ ತುಟಿಯ ಹತ್ತಿರ ಹೋಯಿತು. "ಹೋ. ಹೋ... ದು... ವ. ಹೋದುವ. ಮ... ಕ್ಕ... ಳು. ಮಕ್ಕಳು."

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಕೋಣೆ ನಕ್ಕಿತು.

ಶಹಬ್ಬಾಸ್ ಸರ್ ಮೈಕು ಬಾಯಿಗೆ ಹಿಡಿದ. "ಹೋದುವ ಹಲ್ಲ ಪುಟ್ಟಿ! ಸರಿಯಾಗಿ ನೋಡು. ಹೋದುವ! ಹೋದುವ ಮಕ್ಕಳು!"

"ನಂಗೊತ್ತಿತ್ತು," ಎಂದ ಡ್ರೈವರು. "ಮನೇಲೂ ಇದೇ ಗೋಳು. ಇಲ್ಲದ ಕಡೆ ಅದೊಂದು ಅಕ್ಷರ ತಂದು ಆಕ್ತಾಳೆ. ನಡಿ, ಸಾಕು."

ಶಹಬ್ಬಾಸ್ ಸರ್ ಮೈಕು ಕೆಳಗಿಳಿಸಿ ಹುಡುಗಿಯ ಕಿವಿಯ ಬಳಿ ಬಗ್ಗಿದ. ಅತ್ತಿಗೆಗೆ ಕೇಳಿಸಿತು. "ಓದುವ ಅಂದ್ಬಿಡು ಪುಟ್ಟಿ, ಓದುವ. ಸರ್ಟಿಫಿಕೇಟ್ ಕೊಟ್ಬಿಡ್ತೀನಿ."

ಐದು ವರ್ಷ ದೊಡ್ಡವರು ಏನು ಕೇಳಬೇಕೆಂದಿದ್ದರೋ ಅದನ್ನೇ ಹೇಳಿಕೊಂಡು ಬಂದ ಹುಡುಗಿ ಅವಳು. ಇದೊಂದು ಮಾತು ಅವನ ಹಿಂದೆ ಹೇಳುವುದೇನೂ ಕಷ್ಟವಿರಲಿಲ್ಲ. ಅವಳ ಬಾಯಿ ತೆರೆಯಿತು. ಮತ್ತೆ ಬ್ಯಾನರು ನೋಡಿದಳು. ಅಪ್ಪನನ್ನು ನೋಡಿದಳು. ಕಣ್ಣು ತುಂಬಿತ್ತು.

"ಅಲ್ಲಿ ಹಂಗೆ ಬರೆದಿಲ್ಲ," ಎಂದಳು. "ಮಿಸ್, ಮಂಜು ಕೂರೋ ಹ ಇದೆ ಅಲ್ಲಿ."

ಅತ್ತಿಗೆ ತಲೆ ಎತ್ತಿದಳು. ಒಂದು ವಾರ ಕೆಳಗೇ ಓಡಾಡಿದ ಬ್ಯಾನರನ್ನು ಅವಳು ಓದಿದ್ದು ಅದೇ ಮೊದಲು. ಮೂರೇ ತಿಂಗಳಲ್ಲಿ ಹೋದುವ ಮಕ್ಕಳು. ಅಂಗಡಿಯವನು ಕಿವಿಗೆ ಬಿದ್ದದ್ದನ್ನು ಒಂದಿಷ್ಟೂ ತಪ್ಪಿಲ್ಲದೆ ಬರೆದಿದ್ದ. ಇಷ್ಟು ದಿನ ತಾನೂ ಬರೆದದ್ದನ್ನು ಬಿಟ್ಟು, ಬರೆದಿರಬೇಕಾದದ್ದನ್ನು ನೋಡಿಕೊಂಡು ಓಡಾಡಿದ್ದಳು. ಗುಂಡುವಿಗೂ ತನಗೂ ಏನು ವ್ಯತ್ಯಾಸ ಎನ್ನಿಸಿ ಮೈ ಮೇಲೆ ಹುಳು ಹರಿದಂತಾಯಿತು.

ಎದ್ದು ಹೋಗಿ ಹಲಗೆಯ ಮೇಲೆ ದೊಡ್ಡದಾಗಿ ಒಂದು ಓ ಬರೆದಳು. ಪಕ್ಕದಲ್ಲಿ ಒಂದು ಹೋ.

"ಹುಡುಗಿ ಸರಿಯಾಗೇ ಓದಿದಾಳೆ. ತಪ್ಪಿರೋದು ಬ್ಯಾನರಲ್ಲಿ. ಎಲ್ಲಾರೂ ನೋಡಿ, ಅಲ್ಲಿರೋದು ಇದಾ, ಅದಾ?"

ನಗು ನಿಂತಿತು. ಕುತ್ತಿಗೆಗಳು ಹಲಗೆಯಿಂದ ಬ್ಯಾನರಿಗೆ, ಬ್ಯಾನರಿನಿಂದ ಹಲಗೆಗೆ ತಿರುಗಿದವು. ಡ್ರೈವರು ಕುರ್ಚಿಗಳ ನಡು ದಾರಿ ಮಾಡಿಕೊಂಡು ಬಂದು, ಬ್ಯಾನರಿನ ಆ ಅಕ್ಷರದ ಮೇಲೆ ಬೆರಳಿಟ್ಟು, ಹಲಗೆ ನೋಡಿ, ಮತ್ತೆ ಅಕ್ಷರ ನೋಡಿದ. "ಔದಲ್ಲ!" ಎಂದ. "ಔದಲ್ಲೇ!"

ಆಮೇಲೆ ಮೈಕು ಗರ್ ಎಂದಿತು.

"ಶಹಬ್ಬಾಸ್!" ಎಂದ ಶಹಬ್ಬಾಸ್ ಸರ್, ಎರಡೂ ಕೈ ಮೇಲೆತ್ತಿ. "ಶಹಬ್ಬಾಸ್! ಹಿದು ನಾನೇ ಬೇಕಂತ ಮಾಡಿಸಿದ್ದ ತಪ್ಪು! ಯಾರು ಹಿಡೀತಾರೆ ನೋಡೋಣ ಅಂತ! ನಮ್ಮ ಕೇಂದ್ರದ ಮಗು ಹಿಡೀತು. ದೊಡ್ಡೋರು ನೀವ್ಯಾರೂ ಹಿಡೀಲಿಲ್ಲ, ಹೊಪ್ಕೋತೀರಾ ಹಿಲ್ವಾ?"

ಒಪ್ಪಿಕೊಂಡರು. ಚಪ್ಪಾಳೆ ಬಿತ್ತು, ಅಷ್ಟು ಹೊತ್ತಿನ ಎಲ್ಲ ಚಪ್ಪಾಳೆಗಿಂತ ಜೋರಾಗಿ. ಎಂಥಾ ಮೇಷ್ಟ್ರಪ್ಪ, ಎಂಥಾ ತಲೆ ಎಂದು ಹಿಂದಿನ ಸಾಲಿನವರು ತಲೆದೂಗಿದರು. ವಿಡಿಯೋದವನು ಓಡಿ ಬಂದ. ಶಹಬ್ಬಾಸ್ ಸರ್ ರೇಡಿಯೋಳ ಹೆಗಲ ಮೇಲೆ ಕೈ ಹಾಕಿಕೊಂಡು, ಎಣ್ಣೆ ಮಾರುತ್ತಿದ್ದ ಕಾಲದ ಅದೇ ನಗು ನಕ್ಕ.

ಅತ್ತಿಗೆ ಬಾಯಿ ತೆರೆದಳು. ಹಾಗಾದರೆ ಮಿಕ್ಕ ಹನ್ನೊಂದು ಮಕ್ಕಳೂ ಬ್ಯಾನರು ಓದಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಮೈದುನನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಆದರೆ ಅದಕ್ಕೆ ಗುಂಡು ಎದ್ದು ನಿಲ್ಲಬೇಕು, ಅವನ ಅಜ್ಜಿ ನೋಡುತ್ತಿರಬೇಕು. ಮಕ್ಕಳ ಮಾನ ಕಳೆದು ಇವನ ಮುಖವಾಡ ಕಳಚುವುದು ಅವಳಿಗೆ ಸಾಧ್ಯವಾಗಲಿಲ್ಲ. ಬಾಯಿ ಮುಚ್ಚಿದಳು. ಕುರ್ಚಿಗಳ ನಡುವಿನಿಂದ ಬಾಗಿಲ ಕಡೆ ನಡೆದಳು.

ಹೊರಗೆ ಮೆಟ್ಟಿಲ ಮೇಲೆ ಡ್ರೈವರು ಮಗಳ ಕೈಗೆ ಚೀಟಿ ಕೊಟ್ಟು ನಿಂತಿದ್ದ. ಇನ್ನೂ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಹಾಲು ಮೂವತ್ತು," ಎಂದು ಹುಡುಗಿ ಒಂದೊಂದೇ ಅಕ್ಷರ ಕೂಡಿಸಿದಳು. "ಮೊಸರು ಹತ್ತು."

"ಆಲು ಮೂವತ್ತು, ಸರಿ."

"ಹಾಲು ಅಪ್ಪ. ಅಂಗೈ ಹಿಡ್ಕೊಂಡು ಹೇಳು."

"ಆಯ್ತು ಕಣೇ ತಾಯಿ, ಆಲು! ನಡಿ, ಸೋಮವಾರ ಸ್ಕೂಲಿಗೆ ಚೀಲ ರೆಡಿ ಮಾಡ್ಕೊ," ಎಂದ. ಅತ್ತಿಗೆಯನ್ನು ಕಂಡು, "ನಮ್ಮಕ್ಕ ಬೇರೆ ಯಾರನ್ನಾದ್ರೂ ನೋಡ್ಕೊಳ್ಲಿ, ಅಲ್ವಾ ಅತ್ತಿಗೆಯವ್ರೇ?" ಎಂದು ಕೆಳಗಿಳಿದ.

ಜನ ಕರಗಿದ ಮೇಲೆ ಅವಳು ದೊಡ್ಡ ಕೋಣೆಗೆ ಬಂದಳು. ಶಹಬ್ಬಾಸ್ ಸರ್ ಕುರ್ಚಿ ಮಡಚುತ್ತಿದ್ದ.

"ಅತ್ತಿಗೆ, ನೋಡಿದ್ರಾ? ಇಪ್ಪತ್ತು ಹೊಸ ಮಕ್ಕಳು ಹೆಸರು ಬರೆಸಿ ಹೋದ್ರು!"

"ಆ ಹನ್ನೊಂದು ಮಕ್ಕಳನ್ನ ವಾಪಸ್ ಕರೆಸು. ನಂಗೆ ಸಂಬಳ ಬೇಡ. ಅವರಿಗೆ ಓದೋಕೆ ಬರಲ್ಲ."

"ಪಾಸಾದ ಮಕ್ಕಳನ್ನ ಯಾರಾದ್ರೂ ವಾಪಸ್ ಕರೀತಾರಾ? ಸರ್ಟಿಫಿಕೇಟ್ ಕೊಟ್ಟಾಗಿದೆ, ಗೋಡೆಗೆ ಹಾಕ್ಕೊಂಡಿರ್ತಾರೆ ಇಷ್ಟೊತ್ತಿಗೆ." ಕುರ್ಚಿ ಗೋಡೆಗೊರಗಿಸಿ ಹತ್ತಿರ ಬಂದ. ದನಿ ತಗ್ಗಿಸಿದ, ಮನೆಯವರ ಹತ್ತಿರ ಮಾತ್ರ ಆಡುವ ದನಿ. "ಇನ್ನೊಂದು ಯೋಚನೆ ಬಂದಿದೆ. ಮುಂದಿನ ಸಲಾನೂ ಬ್ಯಾನರಲ್ಲಿ ಒಂದು ತಪ್ಪು ಹಾಕಿಸೋಣ. ಹಿಡಿಯೋ ಮಗೂನ ಮೊದಲೇ ರೆಡಿ ಮಾಡಿಟ್ರೆ ಆಯ್ತು. ನೀವೇ ಹೇಳಿ ಅತ್ತಿಗೆ, ಯಾವ ತಪ್ಪು ಹಾಕಿಸಿದ್ರೆ ಚೆನ್ನಾಗಿರುತ್ತೆ?"

ಅತ್ತಿಗೆ ಅವನ ಮುಖ ನೋಡಿದಳು. ಅಲ್ಲಿ ಕಪಟ ಕೂಡ ಇರಲಿಲ್ಲ, ಬರೀ ಉತ್ಸಾಹ. ಹಿಂದಿನ ಕೋಣೆಗೆ ಹೋಗಿ ಕನ್ನಡಿ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ನಾಳೆಯಿಂದ ನಾನು ಬರಲ್ಲ ಕಣಪ್ಪ."

"ಯಾಕೆ ಅತ್ತಿಗೆ, ಸಂಬಳ ಜಾಸ್ತಿ ಮಾಡ್ಲಾ?"

ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಕೋಳಿ ಅಂಗಡಿಯವನು ರಕ್ತದ ನೀರನ್ನು ಬಕೆಟ್ಟಿನಲ್ಲಿ ಚರಂಡಿಗೆ ಸುರಿಯುತ್ತಿದ್ದ. ಈ ಹೊಲಸಾದರೂ ಕಣ್ಣಿಗೆ ಕಾಣುತ್ತದೆ, ತೊಳೆದರೆ ಹೋಗುತ್ತದೆ ಎಂದುಕೊಂಡಳು.

ಮುಂದಿನ ವಾರವೆಲ್ಲ ಮಂಡಿ ನೋವಿನಲ್ಲೇ ಮನೆಮನೆ ಅಲೆದಳು. ನನ್ನ ಮನೆಗೇ ಕಳಿಸಿ, ದುಡ್ಡು ಬೇಡ, ಇನ್ನೂ ಓದು ಬಂದಿಲ್ಲ ಎಂದಳು. ಕೆಲವರು ನೀರು ಕೊಟ್ಟು ಕಳಿಸಿದರು, ಕೆಲವರು ಅದೂ ಇಲ್ಲ. ಒಂದು ಮನೆಯಲ್ಲಿ ಟಿವಿಯ ಪಕ್ಕ ತೂಗುಹಾಕಿದ ಸರ್ಟಿಫಿಕೇಟನ್ನು ತೋರಿಸಿ ಒಬ್ಬ ತಾಯಿ, "ನಮ್ಮೆದುರಿಗೇ ಇಡೀ ಪುಟ ಓದಿದಾನೆ. ನಿಮಗ್ಯಾಕೆ ಹೊಟ್ಟೆಯುರಿ? ಮೈದುನ ಸಂಬಳ ಹಿಡ್ಕೊಂಡ್ನಾ?" ಎಂದಳು.

ಗುಂಡುವಿನ ಅಜ್ಜಿ ಮಾತ್ರ ಕೂತು ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ಎದ್ದು ಗೋಡೆಯಿಂದ ಸರ್ಟಿಫಿಕೇಟು ಇಳಿಸಿ ಮೊಮ್ಮಗನ ಮುಂದೆ ಹಿಡಿದಳು.

"ಇದನ್ನ ಓದೋ."

ಗುಂಡು ಗಾಜಿನ ಮೇಲೆ ಬೆರಳಿಟ್ಟ. "ಒಂದು ಕಾಡಿತ್ತು. ಕಾಡಿನಲ್ಲಿ ಒಂದು ಮೊಲವಿತ್ತು."

"ನಿನ್ನ ಹೆಸರಿರೋ ಕಾಗದದಲ್ಲಿ ಮೊಲ ಎಲ್ಲಿಂದ ಬಂತೋ?" ಎಂದಳು ಅಜ್ಜಿ. ಚೌಕಟ್ಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಅತ್ತಿಗೆಯ ಕಡೆ ತಿರುಗಿ, "ಯಾವ ಹೊತ್ತಿಗೆ ಕರ್ಕೊಂಡು ಬರ್ಲಿ?" ಎಂದು ಕೇಳಿದಳು.

ಒಟ್ಟು ಆದದ್ದು ಇಷ್ಟು. ಅತ್ತಿಗೆಗೆ ಸಂಬಳ ಹೋಯಿತು, ಮೈದುನನ ಮನೆಗೆ ಹೋಗಿಬರುವುದು ನಿಂತಿತು. ಕೇಂದ್ರ ಈಗ ಇನ್ನೊಂದು ಬೀದಿಯಲ್ಲೂ ತೆರೆದಿದೆ, ಅದರ ಬ್ಯಾನರಿನಲ್ಲಿ ರೇಡಿಯೋಳ ಫೋಟೋ ಇದೆ. ಹನ್ನೆರಡು ಮಕ್ಕಳಲ್ಲಿ ಓದಿದವಳು ಒಬ್ಬಳು. ಓದುತ್ತಿರುವವನು ಒಬ್ಬ, ಅವನಿಗೀಗ ಅರಸನ ಕಾಟವಿಲ್ಲ. ಹೋದವರು ಹತ್ತು ಮಂದಿ.